ಸಹಾಯಧನ ‘ಜಮಾ ಆಗಿದೆ’, ಪಾಸ್‌ಬುಕ್ಕಿನಲ್ಲಿ ಮಾತ್ರ ಇಲ್ಲ: ಮಲೆನಾಡಿನ ರೈತರು ನೋಡಿಕೊಳ್ಳಬೇಕಾದ್ದು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪಿಎಂ ಕಿಸಾನ್ ಕಂತುಗಳು ಒಂದರ ಹಿಂದೊಂದು ಕಾಣೆಯಾದವು. ಪೋರ್ಟಲ್‌ನಲ್ಲಿ ಪ್ರತಿ 2,000 ರೂಪಾಯಿಯ ಎದುರಿಗೂ ಪಾವತಿ ಯಶಸ್ವಿ ಎಂದೇ ಇದೆ. ರೈತ ಸಂಪರ್ಕ ಕೇಂದ್ರದವರು ‘ಹಣ ಹೋಗಿದೆ’ ಅಂದರು, ಬ್ಯಾಂಕಿನವರು ‘ಬಂದಿಲ್ಲ’ ಅಂದರು. ಇಬ್ಬರು ಹೇಳಿದ್ದೂ ನಿಜ. ಸಂತೆಯಲ್ಲಿ ಕೊಡೆ ಹಾಕಿಕೊಂಡು ಸಿಮ್ ಮಾರುವವನು ‘ಸರಿ ಬೀಳಲಿಲ್ಲ, ಇನ್ನೊಂದ್ಸಲ ಒತ್ತಿ ಯಜಮಾನ್ರೆ’ ಎಂದು ಎರಡನೇ ಸಲ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆಗ ಅವರದೇ ಹೆಸರಿನಲ್ಲಿ, ಮೊಬೈಲ್ ನಂಬರ್ ಮೇಲೆ, ಪೇಮೆಂಟ್ಸ್ ಬ್ಯಾಂಕ್ ಖಾತೆಯೊಂದು ತೆರೆದುಕೊಂಡಿತ್ತು. ಕಂತೆಲ್ಲ ಅಲ್ಲಿ ಹೋಗಿ ಕೂತಿತ್ತು.

ಆಧಾರ್ ಆಧಾರಿತ ಪಾವತಿಯಲ್ಲಿ ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆ ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಆ ಪಟ್ಟಿಗೆ ನಿಮ್ಮ ಆಧಾರ್ ಸೇರಿಸುವುದೇ ಸೀಡಿಂಗ್; ಕೊನೆಗೆ ಯಾವ ಬ್ಯಾಂಕು ಸೀಡಿಂಗ್ ಮಾಡಿತೋ ಹಣ ಅಲ್ಲಿಗೆ. ಪಟ್ಟಿಯಲ್ಲಿ ಇರುವುದು ಬ್ಯಾಂಕಿನ ಗುರುತಷ್ಟೇ ಆದ್ದರಿಂದ, ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಯಾವುದಕ್ಕೆ ಹಾಕಬೇಕೆಂದು ಆ ಬ್ಯಾಂಕೇ ತೀರ್ಮಾನಿಸುತ್ತದೆ. ಕೌಂಟರಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ನಂಬಿ ಎದ್ದು ಬರಬೇಡಿ. ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ ಲಿಂಕ್ ಆಗಿರುವುದು ಬೇರೆ, ಡಿಬಿಟಿಗೆ, ಅಂದರೆ ಸರ್ಕಾರದ ಹಣ ನೇರ ಜಮಾ ಆಗಲು ಸೀಡ್ ಆಗಿರುವುದು ಬೇರೆ. ಎಷ್ಟೋ ಶಾಖೆಗಳಲ್ಲಿ ಕೇಳಿದವರಿಗೂ ಹೇಳಿದವರಿಗೂ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ಮೈ ಆಧಾರ್ ತಾಣಕ್ಕೆ ಒಟಿಪಿ ಹಾಕಿ ಹೋಗಿ, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ. ಬ್ಯಾಂಕಿನ ಹೆಸರು, ಆಕ್ಟಿವ್ ಇದೆಯೋ ಇಲ್ಲವೋ, ಕೊನೆಗೆ ಬದಲಾದ ತಾರೀಕು, ಮೂರೂ ಕಾಣುತ್ತವೆ. ತಾರೀಕನ್ನು ಮರೆಯದೆ ನೋಡಿ, ಸಿಮ್ ತಗೊಂಡ ದಿನ ನೆನಪಾಗುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ಗಾಬರಿ ಬೇಡ. ಖಾತೆ ನಿಮ್ಮದೇ, ಆ ಬ್ಯಾಂಕಿನ ಏಜೆಂಟರ ಬಳಿ ಹೋಗಿ ಹಣ ತೆಗೆಯಬಹುದು. ಆಮೇಲೆ ನಿಮ್ಮ ಶಾಖೆಯಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರಂ ತುಂಬಿ. ‘ಬೇರೆ ಬ್ಯಾಂಕಿನಿಂದ ಬದಲಿಸಿ’ ಎನ್ನುವ ಕಡೆ ಗುರುತು ಹಾಕಿ ಹಳೆಯ ಬ್ಯಾಂಕಿನ ಹೆಸರು ಬರೆಯಿರಿ. ಅದನ್ನು ಬಿಟ್ಟರೆ ಕೋರಿಕೆ ತಿರಸ್ಕೃತವಾಗಬಹುದು. ಸೀಲು ಹಾಕಿದ ರಸೀದಿ ಇಟ್ಟುಕೊಂಡು, ವಾರ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಊರಿನ ಸೊಸೈಟಿಯ ಉಳಿತಾಯ ಖಾತೆ ಇದಕ್ಕೆ ನಡೆಯುವುದಿಲ್ಲ. ಮೈ ಆಧಾರ್ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟರೆ ಯಾರೂ ಸುಮ್ಮನೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಆಗದು. ಆದರೆ ನ್ಯಾಯಬೆಲೆ ಅಂಗಡಿಗೆ ಹೋಗುವ ಮುಂಚೆ ಅನ್‌ಲಾಕ್ ಮಾಡದಿದ್ದರೆ ಅಕ್ಕಿಯೂ ಸಿಗುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ತೆರೆಯಲೇಬೇಡಿ. ಪರಿಚಯದವರ ನಂಬರಿನಿಂದ ಬಂದರೂ ಅಷ್ಟೇ, ಅವರ ಫೋನೂ ಆಗಲೇ ಕಳ್ಳರ ಕೈಗೆ ಸಿಕ್ಕಿರಬಹುದು.

ಖಾತೆ ಸರಿಯಿದ್ದೂ ಬೆಳೆ ಪರಿಹಾರದ ಹಣ ಕಡಿಮೆ ಬಂದರೆ ಫ್ರೂಟ್ಸ್ ಐಡಿ (ಎಫ್‌ಐಡಿ), ಅಂದರೆ ರಾಜ್ಯದ ರೈತ ನೋಂದಣಿ ಸಂಖ್ಯೆ ನೋಡಿ. ಬೆಳೆ ಹಾನಿ ಪರಿಹಾರ ಲೆಕ್ಕ ಹಾಕುವುದು ಎಫ್‌ಐಡಿಯಲ್ಲಿ ಸೇರಿದ ಸರ್ವೆ ನಂಬರುಗಳಿಗೆ ಮಾತ್ರ. 2022–26ರ ನಿಯಮದಲ್ಲಿ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ದರ ಹೆಕ್ಟೇರಿಗೆ 22,500 ರೂಪಾಯಿ, ಮಿತಿ 2 ಹೆಕ್ಟೇರ್ ಇತ್ತು. ಮೂರು ತುಂಡು ಜಮೀನಿನಲ್ಲಿ ಒಂದೇ ಸೇರಿದ್ದರೆ ಅಷ್ಟಕ್ಕೇ ಸಿಗುತ್ತದೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿ. ಗದ್ದೆಗೆ ಅಡಿಕೆ ಸಸಿ ಹಾಕಿ ತೋಟ ಮಾಡಿದವರ ದಾಖಲೆಯಲ್ಲಿ ಭತ್ತವೇ ಉಳಿದಿರುವುದು ನಮ್ಮ ಕಡೆ ಬೇಕಾದಷ್ಟಿದೆ. ಅಡಿಕೆಗೆ ವಿಮೆ ಕಟ್ಟಿ ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಭತ್ತ ಬಂದರೆ ವಿಮಾ ಪ್ರಸ್ತಾವ ತಿರಸ್ಕೃತವಾಗಬಹುದು. ಆ ಸಮೀಕ್ಷೆಯ ವಿವರ ತೋರಿಸುವ ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ, ಯಾವ ಫೋಟೋ ಹಾಕಿದ್ದಾರೆ ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿ ಮುಗಿಯುವ ಮೊದಲೇ ಅಲ್ಲೇ ದಾಖಲಿಸಿ.