ಆಕ್ಟೋಪಸ್ ಮರಿಗೆ ಆರ್ಟೀಮಿಯಾ ಡಬ್ಬಿ ಸಾಕೇ?

ಅಮೆರಿಕದ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಬರುವ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಸಿಸ್ಟ್, ಅಂದರೆ ಒಣಗಿದರೂ ಜೀವ ಹಿಡಿದಿರುವ ಮೊಟ್ಟೆಗಳ ಡಬ್ಬಿ ನಮ್ಮ ಸಿಗಡಿ ಹ್ಯಾಚರಿಗಳಿಗೆ ಹೊಸದಲ್ಲ. ಇದೇ ಸಿಸ್ಟ್ ಒಡೆಸಿ, ಬೆಳೆಸಿ ಸ್ಪೇನಿನಲ್ಲಿ ಸಾಮಾನ್ಯ ಆಕ್ಟೋಪಸ್ (ಆಕ್ಟೋಪಸ್ ವಲ್ಗ್ಯಾರಿಸ್) ಮರಿಗಳಿಗೂ ಹಾಕುತ್ತಾರೆ. ಈ ವಿಮರ್ಶೆ ಆ ಬಳಕೆಯ ಬಗ್ಗೆ ಮಾತ್ರ. ಸಿಗಡಿಗೆ ಕಣ್ಣುಮುಚ್ಚಿ 5ಕ್ಕೆ 5 ಕೊಡಬಹುದು. ಆಕ್ಟೋಪಸ್‌ಗಾದರೆ 3, ಅದೂ ಮುಂದೆ ಹೇಳುವ ಕೆಲಸವನ್ನೆಲ್ಲ ಮಾಡಿದರೆ.

ಸಿಸ್ಟ್ ಒಡೆದು ಮರಿ ಬರುವ ವಿಷಯದಲ್ಲಿ ದೂರಿಲ್ಲ. ಲೀಟರಿಗೆ 2 ಗ್ರಾಂ ಸಿಸ್ಟ್, 25ರಿಂದ 30 ಪಿಪಿಟಿ (ಸಾವಿರಕ್ಕೆ ಇಷ್ಟು ಭಾಗ) ಉಪ್ಪು, 28 ಡಿಗ್ರಿ ಶಾಖ, 8ಕ್ಕಿಂತ ಮೇಲಿನ ಪಿಎಚ್, ತಳದಿಂದ ಜೋರು ಗಾಳಿ, ಮೇಲೆ ದೀಪ ಇದ್ದರೆ 24 ಗಂಟೆ ಸಾಕು. ಗಾಳಿ ನಿಲ್ಲಿಸಿದ ಹತ್ತು ನಿಮಿಷಕ್ಕೆ ಖಾಲಿ ಸಿಪ್ಪೆ ಮೇಲೇಳುತ್ತದೆ, ಒಡೆಯದ ಸಿಸ್ಟ್ ತಳ ಸೇರುತ್ತದೆ. ನಲ್ಲಿ ತೆರೆದಾಗ ಮೊದಲು ಬರುವ ಕಂದು ನೀರನ್ನು ಚೆಲ್ಲಿ, ಹಿಂದೆ ಬರುವ ಕಿತ್ತಳೆ ಬಣ್ಣದ ಆರ್ಟೀಮಿಯಾ ಮರಿಗಳನ್ನು (ನಾಪ್ಲಿಯಸ್) ಹಿಡಿಯಿರಿ. ತೆರೆದ ಡಬ್ಬಿ ತೇವ ಹೀರಿದರೆ ಒಡೆಯುವ ಪ್ರಮಾಣ ಇಳಿಯುತ್ತದೆ. ಹಾಗಾಗಿ ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ.

ತೊಡಕು ಶುರುವಾಗುವುದು ಗಾತ್ರದಿಂದ. ಆಗಷ್ಟೇ ಹುಟ್ಟಿದ ಆಕ್ಟೋಪಸ್ ಮರಿ ಸುಮಾರು 3 ಮಿಲಿಮೀಟರ್, ಒಂದೊಂದು ತೋಳಿಗೆ ಮೂರೇ ಹೀರುಬಟ್ಟಲು. ಆದರೂ ಅದು ಹುಟ್ಟಾ ಬೇಟೆಗಾರ. ಕಣ್ಣಿಟ್ಟು ನೋಡಿ, ನುಗ್ಗಿ, ತೋಳಿನಲ್ಲಿ ಬಾಚಿ ಹಿಡಿಯುತ್ತದೆ. ಅರ್ಧ ಮಿಲಿಮೀಟರ್ ನಾಪ್ಲಿಯಸ್ ಅದಕ್ಕೆ ಲೆಕ್ಕಕ್ಕಿಲ್ಲ. 0.8 ಮಿಲಿಮೀಟರ್ ಆರ್ಟೀಮಿಯಾಕ್ಕಿಂತ 1.4ರದ್ದನ್ನೇ ಮರಿಗಳು ಆರಿಸಿಕೊಳ್ಳುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಎಂದರೆ ಐಸೋಕ್ರೈಸಿಸ್‌ನಂಥ ಸೂಕ್ಷ್ಮ ಪಾಚಿ ತಿನ್ನಿಸಿ ಆರ್ಟೀಮಿಯಾವನ್ನು ಹಲವು ದಿನ ಸಾಕಬೇಕು. ಪಾಚಿ ಬೆಳೆಸುವ ವ್ಯವಸ್ಥೆ ಇಲ್ಲದವರು ಡಬ್ಬಿ ಕೊಂಡರೂ ಪ್ರಯೋಜನವಿಲ್ಲ.

ಇನ್ನು ಪೋಷಣೆ. ಮರಿಯ ಮೈಗೆ ಹೋಲಿಸಿದರೆ ಅದರ ಮಿದುಳು, ಕಣ್ಣು ಎರಡೂ ದೊಡ್ಡವು. ಅವು ಬೆಳೆಯಲು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಬೇಕು, ಅದೂ ಫಾಸ್ಫೋಲಿಪಿಡ್ (ಜೀವಕೋಶದ ಪೊರೆ ಕಟ್ಟುವ ಕೊಬ್ಬು) ರೂಪದಲ್ಲಿದ್ದರೆ ಒಳ್ಳೆಯದು. ಆರ್ಟೀಮಿಯಾದಲ್ಲಿ ಸ್ವಂತದ ಡಿಎಚ್‌ಎ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎಣ್ಣೆಯ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಕದಡಿದ ಎಣ್ಣೆ) ಕುಡಿಸಿ ತುಂಬಿದರೂ ಹೆಚ್ಚಿನದು ಟ್ರೈಗ್ಲಿಸರೈಡ್ ಎಂಬ ಶೇಖರಣೆಯ ಕೊಬ್ಬಾಗಿಯೇ ಕೂರುತ್ತದೆ. ಸಾಲದ್ದಕ್ಕೆ ಆರ್ಟೀಮಿಯಾ ಆ ಡಿಎಚ್‌ಎಯನ್ನು ತಾನೇ ಒಡೆದು ಇಪಿಎ ಎಂಬ ಇನ್ನೊಂದು ಕೊಬ್ಬಿನಾಮ್ಲ ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಒಮ್ಮೆಲೇ ಸುರಿದರೆ ಸಂಜೆಗೆ ತೊಟ್ಟಿಯಲ್ಲಿ ಈಜುತ್ತಿರುವುದು ಬಡಕಲು ಆಹಾರ. ದಿನಕ್ಕೆ ಮೂರ್ನಾಲ್ಕು ಸಲ, ಪ್ರತಿ ಸಲವೂ ಆಗಷ್ಟೇ ಪುಷ್ಟಿಗೊಳಿಸಿದ್ದನ್ನೇ ಹಾಕಿ. ಉಳಿದದ್ದನ್ನು ತಂಪಿನಲ್ಲಿಟ್ಟರೆ ನಷ್ಟ ನಿಧಾನವಾಗುತ್ತದೆ. ಎಮಲ್ಷನ್ ಜೊತೆಗೆ ಫಾಸ್ಫೋಲಿಪಿಡ್ ಇರುವ ಸಮುದ್ರಮೂಲದ ಲೆಸಿಥಿನ್ ಸೇರಿಸುವುದು ಖರ್ಚಾದರೂ ಸರಿಯಾದ ಖರ್ಚು.

ಸಿಸ್ಟ್ ಒಡೆದು ನಾಪ್ಲಿಯಸ್ ಹೊರಬಂದ ಕೂಡಲೇ ಎಮಲ್ಷನ್ ಸುರಿಯುವವರಿದ್ದಾರೆ. ಅದಕ್ಕೆ ಆಗ ಬಾಯೇ ತೆರೆದಿರುವುದಿಲ್ಲ. ಸುಮಾರು 8 ಗಂಟೆಯ ಮೇಲೆ, ಮೊದಲ ಪೊರೆ ಕಳಚಿದ ನಂತರವೇ ತಿನ್ನುವುದು. ಅಲ್ಲಿಯವರೆಗೆ ಎಣ್ಣೆ ನೀರನ್ನು ಕೆಡಿಸಿ ವಿಬ್ರಿಯೋ ಬ್ಯಾಕ್ಟೀರಿಯಾ ಬೆಳೆಸುತ್ತದೆ, ಅಷ್ಟೇ. ಪುಷ್ಟಿಗೊಳಿಸಿದ ಮೇಲೆ ಜರಡಿಯಲ್ಲಿ ಚೆನ್ನಾಗಿ ತೊಳೆಯದಿದ್ದರೆ ಮರಿಗಳ ತೊಟ್ಟಿಯ ಮೇಲೂ ಎಣ್ಣೆಯ ಪದರ ಕಟ್ಟುತ್ತದೆ.

ಇಷ್ಟೆಲ್ಲ ಮಾಡಿದರೂ ಬರೀ ಆರ್ಟೀಮಿಯಾ ತಿಂದ ಮರಿಗಳಲ್ಲಿ ಬಹುಪಾಲು, ಈಜಾಟ ಬಿಟ್ಟು ತಳದಲ್ಲಿ ಬದುಕಲು ಇಳಿಯುವ ಹಂತ ಮುಟ್ಟುವುದಿಲ್ಲ. ಕೊಬ್ಬಿನ ಕೊರತೆಯ ಜೊತೆ ತಾಮ್ರದ ಕೊರತೆಯೂ ಇದೆ. ಆಕ್ಟೋಪಸ್ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಸಯಾನಿನ್‌ಗೆ ತಾಮ್ರ ಬೇಕು, ಆರ್ಟೀಮಿಯಾದಲ್ಲಿ ಅದು ಕಡಿಮೆ. ಸ್ಪೇನಿನ ವೀಗೋದ ಸಮುದ್ರವಿಜ್ಞಾನ ಕೇಂದ್ರದವರು ಆರ್ಟೀಮಿಯಾದ ಜೊತೆ ಜೇಡ ಏಡಿಯ ಲಾರ್ವಾ ಕೊಟ್ಟಾಗ 40ನೇ ದಿನಕ್ಕೆ ಶೇ 31.5 ಮರಿ ಉಳಿದಿದ್ದವು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಏಡಿ ಲಾರ್ವಾ ಹಾಕಿದ ತೊಟ್ಟಿಯ ತಳ ನೋಡಿ: ಒಳಗಿನ ಮಾಂಸ ಹೀರಿ ಬಿಸಾಡಿದ ಗಾಜಿನಂಥ ಚಿಪ್ಪುಗಳು ಸಿಗುತ್ತವೆ. ಮರಿ ತಿನ್ನುತ್ತಿದೆ ಎನ್ನಲು ಅದಕ್ಕಿಂತ ಸಾಕ್ಷಿ ಬೇಡ. ಆದರೆ ಮೊಟ್ಟೆ ಹೊತ್ತ ಏಡಿ ವರ್ಷವಿಡೀ ಸಿಗದು, ಡಬ್ಬಿಯನ್ನು ಬಿಡಲಾಗದಿರುವುದೂ ಅದಕ್ಕೇ.

ಮೆಕ್ಸಿಕೋದ ಯುಕಟಾನಿನ ಆಕ್ಟೋಪಸ್ ಮಾಯಾ ಸಾಕುವವರಿಗೆ ಈ ಪಾಡಿಲ್ಲ. ಅದರ ಮರಿ ದೊಡ್ಡದು, ಹುಟ್ಟಿದ ದಿನದಿಂದಲೇ ತಳದಲ್ಲಿ ಬದುಕುತ್ತದೆ. ಸ್ಕ್ವಿಡ್ ಮತ್ತು ಏಡಿ ಮಾಂಸವನ್ನು ಜೆಲಟಿನ್‌ನಲ್ಲಿ ಕಟ್ಟಿದ ಪೇಸ್ಟನ್ನೂ ತಿನ್ನುತ್ತದೆ.

ಕೊಳ್ಳುವಾಗ ಒಡೆಯುವ ಪ್ರಮಾಣ, ಪ್ಯಾಕ್ ಮಾಡಿದ ದಿನಾಂಕ ಎರಡನ್ನೂ ನೋಡಿ. ಸಿಸ್ಟ್‌ನಲ್ಲೇ ಡಿಎಚ್‌ಎ ತುಂಬಿದೆ ಎಂದು ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ. ಆ ಹಣಕ್ಕೆ ಲೆಸಿಥಿನ್ ತನ್ನಿ.