ಳ ಎಲ್ಲಿ ಬರಬೇಕು? ಒಂದೇ ಕೆಲಸಕ್ಕೆ ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ, ಸಿ ಹಚ್ಚಿ ನೋಡಿದ ಕತೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘಕ್ಕೆ ಒಂದು ಸಣ್ಣ ವಾಚನಾಲಯವಿದೆ. ಒಂದೂವರೆ ಕೋಣೆ, ಏಳು ಕಪಾಟು, ಸುಮಾರು 1,800 ಪುಸ್ತಕ. ಮುಂಬೈ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಷ್ಟ್ರು ಅದನ್ನು ನೋಡಿಕೊಳ್ಳುತ್ತಾರೆ. ಹೋದ ಮಳೆಗಾಲದಲ್ಲಿ ಸೂರು ಸೋರಿ ರಿಜಿಸ್ಟರ್ ಒದ್ದೆಯಾಯಿತು. ಅರ್ಧ ಹೆಸರುಗಳ ಶಾಯಿ ಹರಡಿಹೋಯಿತು. "ನೀನು ಕಂಪ್ಯೂಟರ್‌ನವಳಲ್ವಾ ಮಾರಾಯ್ತಿ, ಏನಾದರೂ ಮಾಡು" ಅಂದರು.

ನಾನು ಐರೋಲಿಯಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವಳು. ಕಂಪ್ಯೂಟರ್‌ಗೆ ಕೆಲಸ ಹೇಳುವ ಭಾಷೆಗಳಲ್ಲಿ ಜಾವಾ ನನ್ನ ಹೊಟ್ಟೆಪಾಡು. ಆದರೆ ಈ ಕೆಲಸಕ್ಕೆ ಯಾವ ಭಾಷೆ ಅಂತ ಕೇಳಿದ್ದೇ ತಪ್ಪಾಯಿತು, ಒಬ್ಬೊಬ್ಬರು ಒಂದೊಂದು ಹೇಳಿದರು. ಕಾಲೇಜಿಗೆ ಹೋಗುವ ಅಕ್ಕನ ಮಗನಿಗೆ ಪೈಥಾನ್ ಬಿಟ್ಟರೆ ಲೋಕವಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವನದು ಜಾವಾಸ್ಕ್ರಿಪ್ಟ್. ಪುಣೆಯ ಹತ್ತಿರ ಚಾಕಣ್‌ನಲ್ಲಿ ಗಾಡಿಗಳ ಎಲೆಕ್ಟ್ರಾನಿಕ್ಸ್‌ಗೆ ಕೋಡ್ ಬರೆಯುವ ಭಾವ, "ಸಿ ಬಿಟ್ಟು ಉಳಿದದ್ದೆಲ್ಲ ಆಟದ ಸಾಮಾನು" ಅಂತ ನಕ್ಕರು. ಸರಿ, ನೋಡಿಯೇಬಿಡೋಣ ಅಂತ ನಾಲ್ಕು ಭಾನುವಾರ ನಾಲ್ಕರಲ್ಲೂ ಅದೇ ಕೆಲಸ ಮಾಡಿದೆ. ಪುಸ್ತಕಗಳ ಪಟ್ಟಿ ಓದಬೇಕು, ಅಕ್ಷರಮಾಲೆಯ ಪ್ರಕಾರ ಜೋಡಿಸಬೇಕು, ತಡವಾಗಿ ವಾಪಸ್ ತಂದವರ ದಂಡ ಲೆಕ್ಕ ಹಾಕಬೇಕು. ಅಷ್ಟೇ.

ಮೊದಲು ಒಂದು ತಮಾಷೆಯ ಪರೀಕ್ಷೆ. "ಕನ್ನಡ" ಎಂಬ ಪದದ ಉದ್ದ ಎಷ್ಟು? ಒಂದನೇ ಕ್ಲಾಸಿನ ಮಗು ಮೂರು ಅನ್ನುತ್ತದೆ: ಕ, ನ್ನ, ಡ. ಪೈಥಾನ್ ಐದು ಅಂದಿತು. ಜಾವಾಸ್ಕ್ರಿಪ್ಟ್ ಐದು, ಜಾವಾ ಐದು. ಸಿ ಮಾತ್ರ 15 ಅಂದಿತು!

ಇದರಲ್ಲಿ ಯಾರದ್ದೂ ಸುಳ್ಳಲ್ಲ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಗುರುತಿಗೂ ಒಂದೊಂದು ಅಂಕಿ ಕೊಡುವ ಯುನಿಕೋಡ್‌ನಲ್ಲಿ ಈ ಪದವನ್ನು ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ ಅಂತ ಐದು ಸಂಕೇತಗಳಾಗಿ ಇಡುತ್ತಾರೆ. ಮೊದಲ ಮೂರು ಭಾಷೆ ಎಣಿಸಿದ್ದು ಅದನ್ನು. ಅವನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಒಂದು ವಿಧಾನ ಯುಟಿಎಫ್-8. ಅದರಲ್ಲಿ ಆ ಒಂದೊಂದು ಸಂಕೇತವೂ ಮೂರು ಬೈಟ್, ಅಂದರೆ ಮೆಮೊರಿಯ ಮೂರು ಸಣ್ಣ ಖಾನೆ, ತಿನ್ನುತ್ತದೆ, ಸಿ ಎಣಿಸಿದ್ದು ಬೈಟುಗಳನ್ನು. ಅದರ ತಪ್ಪೇನಿದೆ ಹೇಳಿ? ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚೀ ಸಿ ಕಟ್ಟಿದ್ದು 1972ರ ಹೊತ್ತಿಗೆ. ಯುನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡೂ 1995ರ ಕೂಸುಗಳು, ಆ ಹೊತ್ತಿಗೆ ಯುನಿಕೋಡ್ ಇತ್ತು. (ಇಬ್ಬರಿಗೂ ಹೆಸರು ಬಿಟ್ಟರೆ ನೆಂಟಸ್ತನ ಕಡಿಮೆ. ಜಾವಾ ಜನಪ್ರಿಯವಾಗಿತ್ತು, ಆ ಹೆಸರನ್ನು ಇದಕ್ಕೂ ಅಂಟಿಸಿದರು.)

ಈ 15 ನನಗೆ ಬರೀ ತಮಾಷೆಯಾಗಿ ಉಳಿಯಲಿಲ್ಲ. ಸಿಯಲ್ಲಿ ಶೀರ್ಷಿಕೆಗೆ ಎಷ್ಟು ಜಾಗ ಅಂತ ಮೊದಲೇ ಹೇಳಬೇಕು. 40 ಬೈಟ್ ಸಾಕು ಅಂತ ಬರೆದೆ. ಇಂಗ್ಲಿಷ್ ಆಗಿದ್ದರೆ ಸಾಕಾಗುತ್ತಿತ್ತೋ ಏನೋ. ಕನ್ನಡದಲ್ಲಿ 13 ಸಂಕೇತಕ್ಕೇ ಜಾಗ ತುಂಬಿತು. ಉಳಿದದ್ದು ಪಕ್ಕದಲ್ಲಿ ಲೇಖಕರ ಹೆಸರಿಗೆ ಇಟ್ಟಿದ್ದ ಮನೆಗೆ ನುಗ್ಗಿತು. ಆಮೇಲೆ ಲೇಖಕರ ಹೆಸರು ಬಂದು ಅದರ ಮೇಲೇ ಕೂತಿತು. ಪಟ್ಟಿ ತೆಗೆದರೆ ಅರ್ಧ ಶೀರ್ಷಿಕೆ, ನಡುವೆ ಒಂದು ಕಪ್ಪು ಪ್ರಶ್ನೆ ಚಿಹ್ನೆ, ಅದಕ್ಕೆ ಅಂಟಿಕೊಂಡ ಲೇಖಕರು. ಸಿ ಒಂದು ಮಾತೂ ಆಡಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ಉಳಿದ ಮೂರರಲ್ಲಿ ಈ ಚಿಂತೆಯೇ ಇಲ್ಲ, ಪದ ಎಷ್ಟುದ್ದ ಇದ್ದರೂ ಜಾಗ ತಾನಾಗಿ ಸಿಗುತ್ತದೆ.

ಹಾಗಂತ ಭಾವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕೆಲವು ಕಿಲೋಬೈಟ್ ಮೆಮೊರಿಯ ಚಿಪ್ ಒಳಗೆ ಕೂತು ಕೆಲಸ ಮಾಡಬೇಕಾದರೆ ಸಿ ಬೇಕು. ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ತಿರುಳು ಬಹುಪಾಲು ಸಿಯಲ್ಲಿದೆ. ನಮ್ಮೆಲ್ಲರ ಫೋನಿನಲ್ಲಿ ಮಾಹಿತಿ ಇಡುವ ಎಸ್‌ಕ್ಯೂಲೈಟ್ ಸಿಯಲ್ಲಿದೆ. ಅಷ್ಟೇಕೆ, ನಾವು ಸಾಮಾನ್ಯವಾಗಿ ಬಳಸುವ ಪೈಥಾನ್ ಇದೆಯಲ್ಲ, ಅದನ್ನೂ ಸಿಯಲ್ಲೇ ಬರೆದಿದ್ದಾರೆ. ಕಿರುಪರೀಕ್ಷೆಗೆ ಹತ್ತು ಕೋಟಿ ಸಲ ಕೂಡಿಸುವ ಒಂದು ಲೂಪ್ ಓಡಿಸಿದೆ. ಪೈಥಾನ್‌ನಲ್ಲಿ ಸೆಕೆಂಡುಗಟ್ಟಲೆ ಕಾದೆ. ಸಿಯಲ್ಲಿ ಕೀಲಿಯಿಂದ ಬೆರಳು ಎತ್ತುವಷ್ಟರಲ್ಲಿ ಮುಗಿದಿತ್ತು. ಜಾವಾ ಕೂಡ ಹೆಚ್ಚು ಹಿಂದೆ ಬೀಳಲಿಲ್ಲ. ಆದರೆ 1,800 ಪುಸ್ತಕ ಜೋಡಿಸಲು ಯಾರಿಗೆ ಬೇಕು ಆ ವೇಗ? ಅಷ್ಟಕ್ಕೆ ನಾಲ್ಕರಲ್ಲಿ ಯಾವುದೂ ಕಾಯಿಸುವುದಿಲ್ಲ.

ಇನ್ನು ಅಕ್ಷರಮಾಲೆ. ಇಲ್ಲಿಯೇ ಮೇಷ್ಟ್ರ ಜತೆ ಜಗಳ ಶುರು.

ನಾಲ್ಕು ಭಾಷೆಯಲ್ಲೂ ಸುಮ್ನೆ "ಜೋಡಿಸು" ಅಂದರೆ ಒಂದೇ ಉತ್ತರ ಬಂತು, ಮತ್ತು ನಾಲ್ಕೂ ತಪ್ಪು. ಪ್ರಿಂಟ್ ತೆಗೆದು ಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ ಓದಿ, "ಹಳ್ಳಿ ಎಂಬುದು ಹವಾಮಾನಕ್ಕಿಂತ ಮುಂಚೆ ಹೇಗೆ ಬಂತು?" ಅಂದರು. ನಮ್ಮ ವರ್ಣಮಾಲೆ ಯ ರ ಲ ವ ಶ ಷ ಸ ಹ ಳ ಅಂತ ಮುಗಿಯುತ್ತದೆ. ಯುನಿಕೋಡ್ ಕೋಷ್ಟಕದಲ್ಲಿ ಳ ಬಂದು ಲ ಪಕ್ಕದಲ್ಲಿ, ವ ಮುಂದೆ ಕೂತಿದೆ. ಕಂಪ್ಯೂಟರ್ ಆ ಕೋಷ್ಟಕದ ಅಂಕಿ ನೋಡಿ ಜೋಡಿಸುತ್ತದೆ. ಅದಕ್ಕೇ ಮಳೆ ಎಂಬುದು ಮಹಾಭಾರತಕ್ಕಿಂತ ಮುಂಚೆ ಬಂದಿತ್ತು.

ಇದನ್ನು ಸರಿ ಮಾಡುವಾಗ ನಾಲ್ಕರ ಗುಣವೂ ಹೊರಗೆ ಬಿತ್ತು. ಜಾವಾಸ್ಕ್ರಿಪ್ಟ್‌ಗೆ "ಕನ್ನಡದ ಕ್ರಮದಲ್ಲಿ ಹೋಲಿಸು" ಅಂತ ಒಂದೇ ಸಾಲು ಹೇಳಿದೆ, ಸರಿಯಾಯಿತು. ಬ್ರೌಸರ್ ಒಳಗೇ ಭಾಷೆಗಳ ಕ್ರಮ ಇರುತ್ತದೆ. ನಿಜ ಹೇಳಬೇಕೆಂದರೆ ಅದರಿಂದ ಇಷ್ಟು ನಿರೀಕ್ಷಿಸಿರಲಿಲ್ಲ. ಜಾವಾಕ್ಕೆ ಐಸಿಯು ಎಂಬ ಹೊರಗಿನ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸೇರಿಸಿದೆ, ಅದೂ ಅಚ್ಚುಕಟ್ಟಾಗಿ ಆಯಿತು. ಪೈಥಾನ್‌ಗೂ ಅದೇ ಲೈಬ್ರರಿ ಸಿಗುತ್ತದೆ. ಸಂಘದ ಹಳೇ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಕೂರಿಸಲು ಒಂದು ಮಧ್ಯಾಹ್ನ ಹೋಯಿತು, ಕೂರಲಿಲ್ಲ. ಕೊನೆಗೆ ವರ್ಣಮಾಲೆಯನ್ನು ನಾನೇ ಒಂದು ಸಾಲಾಗಿ ಬರೆದು, ಆ ಸಾಲು ನೋಡಿ ಜೋಡಿಸು ಅಂದೆ. ಐದಾರು ಸಾಲಿನಲ್ಲಿ ಮುಗಿಯಿತು. ಪೈಥಾನ್ ಇಷ್ಟವಾಗುವುದು ಇದಕ್ಕೇ: ತಲೆಯಲ್ಲಿ ಹೊಳೆದದ್ದನ್ನು ಹೆಚ್ಚು ಗೋಜಲಿಲ್ಲದೆ ಬರೆಯಬಹುದು. ಸಿಯಲ್ಲಿ ಈ ಹಂತಕ್ಕೆ ಬರುವ ಮುಂಚೆಯೇ ಕೈಚೆಲ್ಲಿದ್ದೆ.

ಪೈಥಾನ್ ಇನ್ನೊಂದು ಕಡೆ ಸೋಲಿಸಿತು, ಇನ್ನೊಂದು ಕಡೆ ಕಾಪಾಡಿತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಸಂಘದ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಬರೆಯಲಾರೆ ಅಂತ ನಿಂತುಬಿಟ್ಟಿತು. ವಿಂಡೋಸ್‌ನಲ್ಲಿ ಕಡತ ತೆರೆಯುವಾಗ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಕಾಪಾಡಿದ್ದು ಹಳೇ ಪಟ್ಟಿಯ ವಿಷಯದಲ್ಲಿ. ಯಾರೋ ಪುಣ್ಯಾತ್ಮರು ವರ್ಷಗಳ ಹಿಂದೆ ಸುಮಾರು 600 ಪುಸ್ತಕ ಟೈಪ್ ಮಾಡಿಟ್ಟಿದ್ದರು. ಆದರೆ ಯುನಿಕೋಡ್‌ಗಿಂತ ಹಿಂದಿನ ಫಾಂಟ್‌ನಲ್ಲಿ, ಅಂದರೆ ಕನ್ನಡದ ವೇಷ ಹಾಕಿದ ರೋಮನ್ ಅಕ್ಷರಗಳಲ್ಲಿ. ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಬರೀ ಗೀಚು. ಯಾವ ಗೀಚಿಗೆ ಯಾವ ಅಕ್ಷರ ಅಂತ ಒಂದು ಕೋಷ್ಟಕ ಮಾಡಿ ಪೈಥಾನ್‌ಗೆ ಕೊಟ್ಟೆ. ಒತ್ತಕ್ಷರ ಮತ್ತು ಅರ್ಕಾವತ್ತಿನ ಹತ್ತಿರ ಎಡವಿತು, ತಿದ್ದಿದೆ. ರಾತ್ರಿಯೊಳಗೆ 600 ಹೆಸರೂ ಬಂದವು. ಇಂಥ ರಾಶಿ ಕೆಲಸಕ್ಕೆ, ಅಂಕಿಅಂಶಕ್ಕೆ, ಈಗಿನ ಎಐ ಕೆಲಸಕ್ಕೆ ಜನ ಪೈಥಾನ್ ಹಿಡಿಯುವುದು ಸುಮ್ನೆ ಅಲ್ಲ. ಗಿಡೊ ವಾನ್ ರಾಸಮ್ 1991ರಲ್ಲಿ ಅದನ್ನು ಹೊರಗೆ ಬಿಟ್ಟಾಗಿನಿಂದ ಓದಲು ಸುಲಭವಾಗಿರಬೇಕು ಎಂಬುದೇ ಅದರ ಹಟ.

ದಂಡದ ಲೆಕ್ಕದಲ್ಲಿ ಜಾವಾಸ್ಕ್ರಿಪ್ಟ್ ನನ್ನ ಮಾನ ಕಳೆಯಿತು. ಒಬ್ಬ ಹಿರಿಯರಿಗೆ ಹಳೇ ಬಾಕಿ ಹತ್ತು ರೂಪಾಯಿ, ಹೊಸದು ಐದು. ಒಟ್ಟು 105 ರೂಪಾಯಿ ಅಂತ ತೋರಿಸಿತು. ಪೆಟ್ಟಿಗೆಯಲ್ಲಿ ಟೈಪ್ ಮಾಡಿದ 10 ಅದಕ್ಕೆ ಅಂಕಿಯಲ್ಲ, ಬರಹ. ಬರಹದ ಪಕ್ಕ 5 ಇಟ್ಟರೆ 105! ಅವರು ಪಾಪ ಪರ್ಸ್ ತೆಗೆದೂ ಆಗಿತ್ತು. ಇದೇ ತಪ್ಪನ್ನು ಪೈಥಾನ್‌ನಲ್ಲಿ ಮಾಡಿ ನೋಡಿದೆ, "ಬರಹಕ್ಕೆ ಅಂಕಿ ಕೂಡಿಸಲಾಗದು" ಅಂತ ಅಲ್ಲೇ ನಿಂತಿತು. ಜಾವಾ ಓಡಲು ಕೂಡ ಬಿಡಲಿಲ್ಲ. ಮೊತ್ತ ಪೂರ್ಣಾಂಕ ಅಂತ ಮೊದಲೇ ಬರೆಸಿಕೊಂಡಿರುತ್ತದೆ, ಅಲ್ಲಿಗೆ ಬರಹ ತುರುಕಲು ಹೋದರೆ, ಓಡಿಸುವ ಮುಂಚೆ ಕೋಡನ್ನು ಅನುವಾದಿಸುವ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಜಾವಾಸ್ಕ್ರಿಪ್ಟ್‌ನ ಇನ್ನೊಂದು ಕುಚೇಷ್ಟೆ: 9, 25, 100 ಎಂಬ ಅಂಕಿಗಳನ್ನು ಜೋಡಿಸು ಅಂದರೆ 100, 25, 9 ಅಂತ ಕೊಡುತ್ತದೆ. ಅಂಕಿಗಳನ್ನೂ ಪದಗಳ ಹಾಗೆ ನೋಡುವುದರಿಂದ. ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಕಟ್ಟಿದರಂತೆ. ಆ ಅವಸರದ ಋಣ ನಾವು ಇನ್ನೂ ತೀರಿಸುತ್ತಿದ್ದೇವೆ.

ಜಾವಾ ಬಗ್ಗೆ ಹೇಳುವುದು ಕಡಿಮೆ, ಅದೇ ಅದಕ್ಕೆ ಹೊಗಳಿಕೆ. ಕೋಡ್ ಉದ್ದವಾಯಿತು, ಪೈಥಾನ್‌ನದ್ದರ ಮೂರು ಪಟ್ಟು. ಆದರೆ ಒಮ್ಮೆ ಓಡಿದ ಮೇಲೆ ತಂಟೆ ಮಾಡಲಿಲ್ಲ. ಹತ್ತಾರು ಜನ ಹತ್ತಾರು ವರ್ಷ ಕೈ ಹಾಕುವ ಬ್ಯಾಂಕಿನ ಕೋಡಿಗೆ ಇದೇ ಬೇಕು. ಮೇಷ್ಟ್ರ ವಾಚನಾಲಯಕ್ಕೆ ಇದು ತಂಬಿಗೆ ನೀರಿಗೆ ಟ್ಯಾಂಕರ್ ತರಿಸಿದ ಹಾಗೆ.

ಹಾಗಾದರೆ ಯಾವುದು ಉಳಿಯಿತು? ಬರೆಯಲು ಖುಷಿ ಕೊಟ್ಟದ್ದು ಪೈಥಾನ್. ನಂಬಿಕೆ ಜಾವಾದ ಮೇಲೆ. ಆದರೂ ಮೇಷ್ಟ್ರು ಈಗ ಬಳಸುವುದು ಜಾವಾಸ್ಕ್ರಿಪ್ಟ್‌ನದ್ದು. ಅವರು ಲ್ಯಾಪ್‌ಟಾಪ್ ಮುಟ್ಟುವುದಿಲ್ಲ, ಫೋನ್ ಮುಟ್ಟುತ್ತಾರೆ. ಫೋನಿನಲ್ಲಿ ಏನನ್ನೂ ಕೂರಿಸದೆ, ಒಂದು ಕೊಂಡಿ ಒತ್ತಿದರೆ ಪಟ್ಟಿ ತೆರೆಯಬೇಕು. ಬ್ರೌಸರ್ ಒಳಗೆ ನೇರವಾಗಿ ಓಡುವುದು ನಾಲ್ಕರಲ್ಲಿ ಅದೊಂದೇ. ಪಟ್ಟಿ ತಯಾರಿಸುವುದು ಮಾತ್ರ ನನ್ನ ಮನೆಯಲ್ಲಿ ಪೈಥಾನ್, ತಿಂಗಳಿಗೊಮ್ಮೆ. ದಂಡದ ಪೆಟ್ಟಿಗೆಯಲ್ಲಿ ಬರೆದದ್ದನ್ನು ಮೊದಲು ಅಂಕಿ ಮಾಡಿಕೊಳ್ಳುವ ಹಾಗೆ ತಿದ್ದಿದ್ದೇನೆ.

ಭಾವನಿಗೆ ಇದೆಲ್ಲ ಹೇಳಿದೆ. "ಬ್ರೌಸರ್ ಯಾವುದರಲ್ಲಿ ಬರೆದದ್ದು, ಕೇಳು" ಅಂದರು. ಬಹುಪಾಲು ಸಿ ಪ್ಲಸ್ ಪ್ಲಸ್. ಅದು ಸಿಯ ಮಗಳೇ ಅಂತ ಅವರ ವಾದ.

ಮೇಷ್ಟ್ರದ್ದು ಬೇರೆಯೇ ತಕರಾರು. ಳ ಸರಿಹೋಯಿತು, ಸಂತೋಷ. ಆದರೆ ಕ್ಷ ಮತ್ತು ಜ್ಞ ಳ ಆದಮೇಲೆ ಕೊನೆಗೆ ಬರಬೇಕಂತೆ, ಅವರ ಶಾಲೆಯ ಗೋಡೆಯ ಪಟದಲ್ಲಿ ಹಾಗೇ ಇತ್ತಂತೆ. ಅವು ಕ ಮತ್ತು ಜದ ಒತ್ತಕ್ಷರಗಳು, ಅಲ್ಲೇ ಇರಲಿ ಅಂತ ನಾನು. ಎರಡು ಭಾನುವಾರ ಕಳೆದಿದೆ, ಇಬ್ಬರೂ ಬಗ್ಗಿಲ್ಲ.