ಒಂಬತ್ತನೇ ಕ್ಲಾಸಿಗೆ ಪಾಡ್‌ಕಾಸ್ಟ್: ಸ್ಕ್ರಿಪ್ಟ್ ಓದ್ಸೋದಾ, ಹರಟೆ ಹೊಡ್ಸೋದಾ, ಅಜ್ಜನ್ನ ಮಾತಾಡ್ಸೋದಾ?

ಮಕ್ಕಳಿಂದ ಪಾಡ್‌ಕಾಸ್ಟ್ (ಫೋನಲ್ಲಿ ಕೇಳೋ ರೇಡಿಯೋ ಥರದ ಕಾರ್ಯಕ್ರಮ) ಮಾಡ್ಸೋಣ ಅಂದ ಕೂಡ್ಲೆ ಇಂಗ್ಲಿಷ್ ಟೀಚರ್‌ಗಳು ಕೇಳೋದು "ಯಾವ ಆ್ಯಪ್?" ಅಂತ. ಆ್ಯಪ್ ವಿಷ್ಯ ಆಮೇಲೆ ಹೇಳ್ತೇನೆ, ಅದಕ್ಕೆ ಅಷ್ಟು ತಲೆಬಿಸಿ ಬೇಡ. ಮುಂಬೈ ಹತ್ರದ ಡೊಂಬಿವ್ಲಿ ಕಡೆಯ ಒಂದು ಶಾಲೇಲಿ ಒಂಬತ್ತನೇ ಕ್ಲಾಸಿಗೆ ಇಂಗ್ಲಿಷ್ ತಗೊಳ್ತೇನೆ ನಾನು, ಅಲ್ಲಿ ಮೂರು ಬಗೆಯಲ್ಲಿ ಮಾಡ್ಸಿ ನೋಡಿದ್ದಾಯ್ತು. ಮೂರರಲ್ಲಿ ಮಕ್ಕಳ ಇಂಗ್ಲಿಷಿಗೆ ಜಾಸ್ತಿ ಲಾಭ ಆಗಿದ್ದು ಯಾವ್ದರಿಂದ ಅಂದ್ರೆ ಅರ್ಧಕ್ಕರ್ಧ ತುಳು, ಮರಾಠಿ, ಕನ್ನಡ ತುಂಬಿದ್ದ ಎಪಿಸೋಡ್‌ಗಳಿಂದ. ಉಲ್ಟಾ ಅನ್ಸುತ್ತೆ ಗೊತ್ತು, ಆದ್ರೂ ಹಾಗೇ ಆಯ್ತು.

ಹತ್ತನೇ ಕ್ಲಾಸಿಗೆ ಯಾಕೆ ಬೇಡ ಅಂದ್ರೆ ಎಸ್‌ಎಸ್‌ಸಿ ವರ್ಷದಲ್ಲಿ ಇಂಥದ್ದಕ್ಕೆ ಯಾವ ಹೆಡ್‌ಮಿಸ್ಸೂ ಒಪ್ಪಲ್ಲ. ಒಂಬತ್ತರಲ್ಲಿ ಭಾಷೆಗಳಿಗೆ 80 ಲಿಖಿತ, 20 ಇಂಟರ್ನಲ್ ಅಂತ ಉಂಟಲ್ಲ, ಆ 20ರ ಓರಲ್ ಭಾಗಕ್ಕೆ ಇದನ್ನ ತೂರಿಸ್ಬಹುದು. ಮಕ್ಕಳಲ್ಲಿ ಸುಮಾರು ಅರ್ಧ ಜನ ನಮ್ಮ ಉಡುಪಿ-ಕುಂದಾಪುರ-ಮಂಗಳೂರು ಕಡೆಯ ಮನೆಯವ್ರು, ಉಳಿದವ್ರು ಮರಾಠಿ, ಹಿಂದಿ, ಒಂದಿಬ್ರು ಗುಜರಾತಿ.

ಮೊದಲ ಬಗೆ, ಸ್ಕ್ರಿಪ್ಟ್ ಬರೆದು ಓದೋದು. ಟೀಚರ್‌ಗೆ ಇದ್ರಷ್ಟು ಸುಲಭದ್ದು ಇನ್ನೊಂದಿಲ್ಲ. ವಿಷ್ಯ ಕೊಡಿ, ಬರೆಸಿ, ತಿದ್ದಿ, ಓದ್ಸಿ, ಮುಗೀತು. ಆದ್ರೆ ಒಂದು ಲೆಕ್ಕ ಹಾಕಿ, ಮಾತಾಡೋ ವೇಗ ನಿಮಿಷಕ್ಕೆ 130ರಿಂದ 150 ಪದ, ಐದು ನಿಮಿಷ ಅಂದ್ರೆ 650ರಿಂದ 750 ಪದ, ಒಂಬತ್ತನೇ ಕ್ಲಾಸಿನ ಮಗು ಪರೀಕ್ಷೇಲಿ ಬರೆಯೋ ಎಸ್ಸೇಯ ಎಷ್ಟೋ ಪಟ್ಟು ಆಯ್ತು. ಅಷ್ಟು ಎಲ್ಲಿಂದ ಬರುತ್ತೆ? ಮೊಬೈಲ್‌ನ ಎಐಯಿಂದ ಬರುತ್ತೆ. ಪ್ಲಾಸ್ಟಿಕ್ ಮಾಲಿನ್ಯ, ಮೊಬೈಲ್ ಚಟ, ಸಮಯದ ಮಹತ್ವ, ಎಲ್ಲ ಒಂದೇ ಪಾಕದ್ದು, "ಫರ್ದರ್‌ಮೋರ್", "ಇನ್ ಕನ್‌ಕ್ಲೂಷನ್" ಅಂತ ಸಾಲು ಸಾಲು. ಇನ್ನೂ ಮಜಾ ಏನಂದ್ರೆ ಎಲ್ರೂ ಮೊದಲನೇ ಎಪಿಸೋಡಲ್ಲೇ "ಹಲೋ ಗೈಸ್, ವೆಲ್ಕಮ್ ಬ್ಯಾಕ್" ಅಂತಾರೆ, ಎಲ್ಲಿಂದ ಬ್ಯಾಕ್ ಮಾರಾಯ್ರೆ, ಈಗಷ್ಟೇ ಶುರು ಆಗ್ತಾ ಉಂಟು!

ಹಾಗಂತ ಪೂರ್ತಿ ದಂಡ ಅನ್ನೋಕಾಗಲ್ಲ. ಕ್ಲಾಸಲ್ಲಿ ಎದ್ದು ನಿಲ್ಸಿದ್ರೆ ಬಾಯೇ ಬಿಡದ ಹುಡುಗಿ ಒಬ್ಬಳೇ ಮೈಕ್ ಮುಂದೆ ಕೂತು ಬೇಕಾದಷ್ಟು ಸಲ ಓದಿ, ಚೆನ್ನಾಗಿ ಬಂದಿದ್ದನ್ನ ಕೊಡ್ಬಹುದು, ಅದು ದೊಡ್ಡ ಧೈರ್ಯ ಅವ್ರಿಗೆ. ತಮ್ಮ ದನಿ ತಾವೇ ಕೇಳ್ಕೊಂಡಾಗ "ಎಗ್" ಅನ್ನೋದನ್ನ "ಯೆಗ್" ಅಂದಿದ್ದು, "ಸ್ಕೂಲ್" ಅನ್ನೋದನ್ನ "ಇಸ್ಕೂಲ್" ಅಂದಿದ್ದು ಅವ್ರಿಗೇ ಕಾಣುತ್ತೆ, ನಾನು ತಿದ್ದಿ ಮುಖ ಕೆಂಪು ಮಾಡ್ಸೋ ಕೆಲ್ಸ ಇಲ್ಲ. ಅದಕ್ಕೆ ಸ್ಕ್ರಿಪ್ಟ್ ಮಾಡ್ಸೋದೇ ಆದ್ರೆ ಒಂದೂವರೆ ನಿಮಿಷ ಸಾಕು, ವಿಷ್ಯನೂ ಎಐಗೆ ಗೊತ್ತಿರದಂಥದ್ದು ಇರ್ಲಿ, ಉದಾಹರಣೆಗೆ ನಿಮ್ಮ ಬಿಲ್ಡಿಂಗಲ್ಲಿ ಬೆಳಿಗ್ಗೆ ಆರಕ್ಕೆ ಏನೇನು ಸದ್ದು ಕೇಳುತ್ತೆ, ಹೇಳಿ ಅಂತ.

ಎರಡನೇದು ಹರಟೆ, ನಾಲ್ಕು ಜನ ಟೇಬಲ್ ಸುತ್ತ ಕೂತು ಮಾತಾಡೋದು, ಈಗ ಯೂಟ್ಯೂಬಲ್ಲಿ ಎಲ್ಲಿ ನೋಡಿದ್ರೂ ಇದೇ ಅಲ್ವಾ. ಮಕ್ಕಳಿಗೆ ಭಾರಿ ಇಷ್ಟ. ನನಗಂತೂ ಇದೇ ಎಲ್ಲಕ್ಕಿಂತ ಕಮ್ಮಿ ಉಪಯೋಗದ್ದು ಅನ್ಸಿತು. ನಾಲ್ವರಲ್ಲಿ ಇಂಗ್ಲಿಷ್ ಸಲೀಸಾಗಿ ಬರೋ ಇಬ್ರು ಮಾತಾಡ್ತಾರೆ, ಒಬ್ಬ "ಯಾ ಯಾ" ಅಂತಾನೆ, ಇನ್ನೊಬ್ಳು ನಗ್ತಾಳೆ, ಎರಡು ನಿಮಿಷದಲ್ಲಿ ಭಾಷೆ ಹಿಂದಿಗೆ ಜಾರುತ್ತೆ, ಐದನೇ ನಿಮಿಷಕ್ಕೆ ವಿಷ್ಯ ಐಪಿಎಲ್‌ಗೆ ಬಂದಿರುತ್ತೆ. ನಾಲ್ವರ ದನಿ ಒಂದೇ ಫೋನಲ್ಲಿ ಒಂದರ ಮೇಲೊಂದು ಬಿದ್ದಿರೋದ್ರಿಂದ ಎಡಿಟ್ ಮಾಡೋಕೂ ಆಗಲ್ಲ, ಮಾರ್ಕ್ಸ್ ಹಾಕೋಕೂ ಆಗಲ್ಲ, "ಯಾ ಯಾ"ಗೆ ಎಷ್ಟು ಕೊಡೋದು ಹೇಳಿ? ಇಂಗ್ಲಿಷಲ್ಲೇ ಮನೇಲಿ ಜಗಳ ಆಡೋ ಮಕ್ಕಳಿರೋ ಶಾಲೆ ಆದ್ರೆ ಚೆನ್ನಾಗಿ ಆಗ್ಬಹುದು. ನಮ್ಮಂಥ ಕ್ಲಾಸಿಗೆ ಬೇಡ.

(ಪಾಠದ ಕಥೆಯನ್ನ ರೇಡಿಯೋ ನಾಟಕ ಮಾಡೋದೂ ಒಂದುಂಟು. ಬಾಗಿಲು ಕಿರ್ ಅನ್ಸೋದು, ತೆಂಗಿನ ಚಿಪ್ಪಲ್ಲಿ ಕುದುರೆ ಓಡ್ಸೋದು, ಮಜವೋ ಮಜ. ಆದ್ರೆ ಮಾತೆಲ್ಲ ಪುಸ್ತಕದ್ದೇ, ಹಾಗಾಗಿ ಲೆಕ್ಕಕ್ಕೆ ತಗೊಂಡಿಲ್ಲ.)

ಮೂರನೇದು ಮನೆಯ ಅಥವಾ ಗಲ್ಲಿಯ ಹಿರಿಯರ ಇಂಟರ್‌ವ್ಯೂ. ಅವ್ರು ಅವ್ರ ಭಾಷೇಲೇ ಮಾತಾಡ್ಲಿ, ಮಗು ಮಧ್ಯೆ ಮಧ್ಯೆ ಇಂಗ್ಲಿಷಲ್ಲಿ ಕಥೆ ಹೇಳ್ಬೇಕು. ಐಡಿಯಾ ಏನೂ ಹೊಸದಲ್ಲ. ಅಮೆರಿಕದ ಎನ್‌ಪಿಆರ್ ರೇಡಿಯೋದವ್ರು ಅಲ್ಲಿನ ಶಾಲಾ ಮಕ್ಕಳಿಗೆ ಪಾಡ್‌ಕಾಸ್ಟ್ ಸ್ಪರ್ಧೆ ಇಡ್ತಾರೆ, 2019ರಲ್ಲಿ ಮೊದಲ ಸಲ ಹೈಸ್ಕೂಲ್ ವಿಭಾಗದಲ್ಲಿ ಗೆದ್ದಿದ್ದು ಟೆನೆಸ್ಸೀ ರಾಜ್ಯದ ಮಕ್ಕಳು, ವಿಷ್ಯ 1916ರಲ್ಲಿ ಎರ್ವಿನ್ ಅನ್ನೋ ಊರಲ್ಲಿ ಸರ್ಕಸ್ ಆನೆಯೊಂದನ್ನ ಗಲ್ಲಿಗೇರಿಸಿದ ಕಥೆ. ಹವಾಮಾನ ಬದಲಾವಣೆ, ಎಐ ಭವಿಷ್ಯ ಅಂತೆಲ್ಲ ಹೋಗ್ಲಿಲ್ಲ ಅವ್ರು, ತಮ್ಮ ಸೀಮೆಯ ಕಥೆ ಹಿಡಿದ್ರು. ನಮ್ಮ ಮುಂಬೈಲಿ ಅಂಥ ಕಥೆಗೆ ಬರ ಉಂಟಾ?

ಒಬ್ಬ ಹುಡುಗನ ಅಜ್ಜ ಪರೇಲ್‌ನ ಬಟ್ಟೆ ಗಿರಣಿ ಕಾರ್ಮಿಕ. 1982ರ ಜನವರೀಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಸಂಪು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲ್ಸ ನಿಲ್ಸಿದ್ದು, ಆಮೇಲೆ ಎಷ್ಟೋ ಗಿರಣಿ ತೆರೀಲೇ ಇಲ್ಲ. ಅಜ್ಜ ಇದನ್ನ ಮರಾಠಿಲಿ ಹೇಳಿದ್ದು, ಮೊಮ್ಮಗ ಆ ಗಿರಣಿ ಜಾಗದಲ್ಲಿ ಎದ್ದಿರೋ ಮಾಲ್‌ಗೆ ಪಿಚ್ಚರ್ ನೋಡೋಕೆ ಹೋಗಿದ್ದವನು, ಅವನಿಗೆ ಗೊತ್ತೇ ಇರ್ಲಿಲ್ಲ. ಇನ್ನೊಬ್ಬಳ ಅಜ್ಜ ಹದಿಹರೆಯದಲ್ಲಿ ಕುಂದಾಪುರದಿಂದ ಬಂದು ಹೋಟೆಲಲ್ಲಿ ಲೋಟ ತೊಳೆದು, ಸಂಜೆ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೇಲಿ ಕಲಿತವ್ರು. ಮತ್ತೊಬ್ಬಳು ಅಜ್ಜಿ ಹತ್ರ ಊರಿನ ಪ್ರಯಾಣದ ಕಥೆ ತೆಗೆಸಿದ್ಳು. ಕೊಂಕಣ ರೈಲ್ವೆಯ ಪೂರ್ತಿ ಲೈನ್ ಓಪನ್ ಆಗಿದ್ದೇ 1998ರಲ್ಲಿ, ಅದಕ್ಕೆ ಮುಂಚೆ ಬಸ್ಸಲ್ಲಿ ಘಾಟಿ ಹತ್ತಿಳಿದು ಮಂಗಳೂರು ಸೇರೋ ಹೊತ್ತಿಗೆ ಮೈಯೆಲ್ಲ ಹಣ್ಣಾಗ್ತಿತ್ತಂತೆ. ಮತ್ಸ್ಯಗಂಧ ರೈಲಲ್ಲಿ ಮಲ್ಕೊಂಡು ಹೋಗೋ ಮೊಮ್ಮಕ್ಕಳಿಗೆ ಇದು ಪುರಾಣ.

ಈಗ ಇಂಗ್ಲಿಷ್ ಎಲ್ಲಿ ಬಂತು ಅಂದ್ರೆ, ಇಲ್ಲೇ. ಅಜ್ಜ ಹೇಳಿದ್ದನ್ನ ಎಐಗೆ ಕೇಳಿದ್ರೆ ಸಿಗಲ್ಲ, ಅದು ಫೋನಿನ ರೆಕಾರ್ಡಿಂಗಲ್ಲಿ ಮಾತ್ರ ಉಂಟು, ಅದೂ ತುಳುವಲ್ಲಿ. ಮಗು ಕೂತು ಕೇಳ್ಬೇಕು, ನಿಲ್ಸಿ ನಿಲ್ಸಿ ಬರೀಬೇಕು, ತಾನೇ ಇಂಗ್ಲಿಷ್ ಮಾಡ್ಬೇಕು. ಆಗ ಗ್ರಾಮರ್ ತಾನಾಗೇ ಬಾಗಿಲಿಗೆ ಬರುತ್ತೆ. ಒಬ್ಬಳು ಸ್ಟಾಫ್ ರೂಮಿಗೆ ಬಂದು "ಮಿಸ್, ಅಜ್ಜ ದಿನಾ ರಾತ್ರಿಶಾಲೆಗೆ ಹೋಗ್ತಿದ್ರು ಅನ್ನೋಕೆ 'ವಾಸ್ ಗೋಯಿಂಗ್' ಹಾಕಿದ್ರೆ ಒಂದೇ ದಿನ ಹೋದ ಹಾಗೆ ಕೇಳುತ್ತಲ್ಲ" ಅಂದ್ಳು. "ಯೂಸ್ಡ್ ಟು" ಅನ್ನೋದನ್ನ ಬೋರ್ಡ್ ಮೇಲೆ ಎಷ್ಟು ವರ್ಷದಿಂದ ಬರೀತಾ ಇದ್ದೇನೆ, ಯಾರೂ ಬಂದು ಕೇಳಿದ್ದಿಲ್ಲ. ಡೈರೆಕ್ಟ್-ಇನ್‌ಡೈರೆಕ್ಟ್ ಸ್ಪೀಚೂ ಹಾಗೇ. ಪುಸ್ತಕದ ಪ್ರಕಾರ "ಹೀ ಸೆಡ್ ದಟ್ ಹೀ ಹ್ಯಾಡ್ ಕಮ್" ಅಂತ ಬರ್ದು ತಂದ್ರು, ಸರಿನೇ, ಆದ್ರೆ ಅಮೆರಿಕದ ರೇಡಿಯೋ ವರದಿಗಳಲ್ಲಿ "ಹೀ ಸೇಸ್" ಅಂತ ವರ್ತಮಾನದಲ್ಲೇ ಹೇಳೋ ರೂಢಿ, ಕಿವಿಗೆ ಅದೇ ಹತ್ರ. ಪರೀಕ್ಷೆಗೆ ಒಂದು, ಮೈಕಿಗೆ ಇನ್ನೊಂದು ಅಂತ ನಾನು ಎರಡನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರ್ದೆ, ಅವತ್ತಿನ ಪೀರಿಯಡ್ ಪೂರ್ತಿ ಅದ್ರ ಮೇಲೇ ಚರ್ಚೆ. ನಮ್ಮ ಸ್ಟಾಫಲ್ಲಿ ಕೆಲವ್ರಿಗೆ ಇದು ಹಿಡಿಸ್ಲಿಲ್ಲ, ಮಕ್ಕಳಿಗೆ ಗೊಂದಲ ಆಗುತ್ತೆ ಅಂತ. ಆಗ್ಲಿ ಬಿಡಿ, ಭಾಷೆ ಅಂದ್ರೆ ಅಷ್ಟು ಗೊಂದಲ ಇದ್ದೇ ಇರುತ್ತೆ.

ಪ್ರಶ್ನೆ ಕೇಳೋದನ್ನ ಮಾತ್ರ ಮೊದ್ಲೇ ಕಲಿಸ್ಬೇಕು. "ಕಷ್ಟ ಆಯ್ತಾ ಅಜ್ಜ?" ಅಂದ್ರೆ "ಹೂಂ ಆಯ್ತು" ಅಂತಾರೆ, ಮುಗೀತು ಎಪಿಸೋಡ್. "ಬಾಂಬೆಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದ್ರಿ?" ಅಂದ್ರೆ ಅಜ್ಜ ಹೋಟೆಲ್ ಬಾಗಿಲು ಹಾಕಿದ್ಮೇಲೆ ಟೇಬಲ್ ಜೋಡ್ಸಿ ಮಲಗಿದ್ದು, ಸೊಳ್ಳೆ, ಪಕ್ಕದಲ್ಲಿ ಮಲಗಿದ್ದವನ ಗೊರಕೆ, ಊರಿಗೆ ಬರೆದ ಮೊದಲ ಕಾಗದ, ಎಲ್ಲ ತೆಗೀತಾರೆ. ಎಲ್ಲಿ, ಯಾವಾಗ, ಏನು ತಿಂದ್ರಿ, ಎಷ್ಟು ಸಂಬಳ, ಇಂಥ ಪ್ರಶ್ನೆಗಳೇ ಬಂಗಾರ.

ತೊಂದ್ರೆ ಇಲ್ಲ ಅಂತಲ್ಲ. ಅಜ್ಜಂದಿರು ಒಮ್ಮೆ ಶುರು ಮಾಡಿದ್ರೆ ನಿಲ್ಸೋರು ಯಾರು? ಅಷ್ಟುದ್ದದ್ದನ್ನ ಐದು ನಿಮಿಷಕ್ಕೆ ಇಳಿಸೋದು ಮಕ್ಕಳಿಗೆ ಸಂಕಟ, ಎಲ್ಲಾನೂ ಬೇಕು ಅನ್ಸುತ್ತೆ. ಆ ಎನ್‌ಪಿಆರ್ ಸ್ಪರ್ಧೆಗೇ ಈಚೆಗೆ ಎಂಟು ನಿಮಿಷದ ಮಿತಿ, ನಮ್ಮ ಮಕ್ಕಳಿಗೆ ಐದು ಧಾರಾಳ. ಕೆಲವರ ಮನೇಲಿ ಹಿರಿಯರೇ ಇರಲ್ಲ, ಅಂಥವ್ರು ವಾಚ್‌ಮನ್, ಮೀನಿನವಳು, ವಡಾಪಾವ್ ಅಂಗಡಿಯವ್ರನ್ನ ಮಾತಾಡ್ಸಿದ್ರು, ಅವೂ ಚೆನ್ನಾಗೇ ಬಂದ್ವು. ಟೀಚರ್‌ಗೆ ಕೆಲ್ಸ ಮಾತ್ರ ಸ್ಕ್ರಿಪ್ಟಿಗಿಂತ ದುಪ್ಪಟ್ಟು, ಸುಳ್ಳು ಹೇಳಲ್ಲ.

ಇನ್ನು ಆ್ಯಪ್ ಪುರಾಣ. ಹೆಚ್ಚಿನ ಮಕ್ಕಳ ಹತ್ರ ಇರೋದು ಅಪ್ಪನ ಫೋನ್, ಅದೂ ರಾತ್ರಿ. ಹಾಗಾಗಿ ರೆಕಾರ್ಡಿಂಗಿಗೆ ಫೋನಲ್ಲೇ ಇರೋ ರೆಕಾರ್ಡರ್ ಸಾಕು. ವಾಟ್ಸಾಪ್ ವಾಯ್ಸ್ ನೋಟ್ ಎಲ್ರಿಗೂ ಗೊತ್ತು, ಕಳ್ಸೋದು ಸುಲಭ, ಆದ್ರೆ ದನಿಯನ್ನ ಹಿಂಡಿ ಸಣ್ಣ ಮಾಡುತ್ತೆ, ತುರ್ತಿಗೆ ಮಾತ್ರ ಇಟ್ಕೊಳ್ಳಿ. ಎಡಿಟಿಂಗಿಗೆ ನಾನು ಎರಡನ್ನ ಹೋಲಿಸಿ ನೋಡಿದ್ದು, ಲ್ಯಾಬ್ ಕಂಪ್ಯೂಟರಲ್ಲಿ ಆಡಾಸಿಟಿ, ಫೋನಲ್ಲಿ ಬ್ಯಾಂಡ್‌ಲ್ಯಾಬ್. ಬ್ಯಾಂಡ್‌ಲ್ಯಾಬ್ ನೋಡೋಕೆ ಚಂದ, ಫೋನಲ್ಲೂ ಬ್ರೌಸರಲ್ಲೂ ನಡೆಯುತ್ತೆ, ಆದ್ರೆ ಅಕೌಂಟ್ ಬೇಕು, ಅದು ಮೂಲತಃ ಮ್ಯೂಸಿಕ್ ಮಾಡೋರಿಗೆ ಅಂತ ಇರೋದು, ಮಕ್ಕಳು ಮಾತು ಬಿಟ್ಟು ಬೀಟ್ ಹಾಕ್ತಾ ಕೂತುಬಿಡ್ತಾರೆ. ಆಡಾಸಿಟಿ 2000ನೇ ಇಸವಿಯಿಂದ ಇರೋ ಫ್ರೀ ಸಾಫ್ಟ್‌ವೇರ್, ಮುಖ ನೋಡಿದ್ರೆ ಹಾಗೇ ಅನ್ಸುತ್ತೆ, ಫೋನಿಗೆ ಇಲ್ಲ, ಆದ್ರೆ ಒಮ್ಮೆ ಹಾಕಿದ್ರೆ ನೆಟ್ ಬೇಡ, ಅಕೌಂಟ್ ಬೇಡ. ನನ್ನ ಓಟು ಅದಕ್ಕೇ. ಅದ್ರಲ್ಲಿ ಆಟೋ ಡಕ್ ಅಂತ ಒಂದುಂಟು, ಅಜ್ಜನ ಮರಾಠಿ ಕೆಲವು ಸೆಕೆಂಡ್ ಕೇಳ್ಸಿ ಆಮೇಲೆ ಸಣ್ಣ ಆಗಿ ಮೇಲೆ ಮೊಮ್ಮಗನ ಇಂಗ್ಲಿಷ್ ಬರೋ ಹಾಗೆ ಮಾಡ್ಬಹುದು, ಟಿವಿ ನ್ಯೂಸಲ್ಲಿ ಬರೋ ಥರ. ಅದು ಕಲಿತ ದಿನ ಮಕ್ಕಳ ಮುಖ ನೋಡ್ಬೇಕಿತ್ತು. ಆ್ಯಂಕರ್ ಆ್ಯಪಲ್ಲೇ ರೆಕಾರ್ಡ್ ಮಾಡಿ ಎಡಿಟ್ ಮಾಡಿ ಅಂತ ಹಳೇ ವಿಡಿಯೋಗಳು ಹೇಳ್ತಾವೆ, ಅದನ್ನ ಸ್ಪಾಟಿಫೈ 2019ರಲ್ಲಿ ತಗೊಂಡು ಹೆಸರು ಬದಲಾಯ್ಸಿ 2024ರಲ್ಲಿ ಆ ಟೂಲ್‌ಗಳನ್ನ ತೆಗ್ದಿದೆ, ಹುಡುಕಿ ಟೈಂ ವೇಸ್ಟ್ ಮಾಡ್ಬೇಡಿ.

ಸದ್ದಿನ ವಿಷ್ಯ. ಫ್ಯಾನಿನ ಗುಂಯ್ ಒಂದೇ ಸಮ ಇರೋದ್ರಿಂದ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಅದನ್ನ ಚೆನ್ನಾಗಿ ತೆಗೆಯುತ್ತೆ, ಅದಕ್ಕೆ ಯಾರೂ ಮಾತಾಡದ ಎರಡು ಸೆಕೆಂಡ್ ಮೊದ್ಲೇ ರೆಕಾರ್ಡ್ ಮಾಡಿರ್ಬೇಕು. ಕುಕ್ಕರ್ ಸೀಟಿ, ಕಾಗೆ, ಲೋಕಲ್ ಟ್ರೇನಿನ ಹಾರ್ನ್, ಇವಕ್ಕೆ ಅದು ಕೆಲ್ಸ ಮಾಡಲ್ಲ. ಎಐ ಕ್ಲೀನಪ್ ಟೂಲಿಗೆ ಹಾಕಿದ್ರೆ ಎಲ್ಲ ಹೋಗುತ್ತೆ, ಜೊತೆಗೆ ಅಜ್ಜಿಯೂ ಹೋಗ್ತಾರೆ, ನ್ಯೂಸ್ ಓದೋರ ದನಿ ಉಳಿಯುತ್ತೆ. ಟ್ರೇನ್ ಸದ್ದು ನನಗೇನೋ ಇರ್ಲಿ ಅನ್ಸುತ್ತೆ, ಡೊಂಬಿವ್ಲಿ ಕಥೇಲಿ ಟ್ರೇನ್ ಇರದೆ ಇನ್ನೇನು. ಮೈಕ್ ಬೇಕೇ ಬೇಕು ಅನ್ನೋರು ಕಾಲರ್ ಮೈಕ್ ಒಂದು ತಗೊಂಡು ಸರದಿಯಲ್ಲಿ ಕೊಡಿ, ಬೋಯಾದ ಬಿವೈ-ಎಂ1ಗೆ ಆರು ಮೀಟರ್ ವೈರ್ ಇರುತ್ತೆ, ಅಜ್ಜ ಜೋಪಾಳೆ ಮೇಲೆ ತೂಗ್ತಾ ಕೂತ್ರೂ ಸಾಕಾಗುತ್ತೆ. ಅದ್ರ ಸ್ವಿಚ್ ಫೋನ್ ಕಡೆಗೆ ಉಂಟಾ ಅಂತ ಮಾತ್ರ ನೋಡ್ಕೊಳ್ಳಿ.

ಮಕ್ಕಳ ಎಪಿಸೋಡ್ ಯೂಟ್ಯೂಬಿಗೆ ಹಾಕೋದಾ ಅಂತ ಕೇಳ್ತಾರೆ. ನಾನು ಹಾಕಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವ್ರೆಲ್ಲ ಮಕ್ಕಳೇ, ಅವ್ರ ಡೇಟಾ ಬಳಸೋಕೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು ಅಂತ ಉಂಟು, ಮೇಲಾಗಿ ಇಲ್ಲಿ ಅಜ್ಜನ ಸಾಲದ ಕಥೆ, ಜಗಳದ ಕಥೆ ಎಲ್ಲ ಬಂದಿರುತ್ತೆ. ಪೆನ್‌ಡ್ರೈವಲ್ಲಿ ಹಾಕಿ ಕ್ಲಾಸಲ್ಲಿ ಕೇಳಿಸಿದ್ರೆ ಸಾಕು, 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕ) ಎಂಪಿ3 ಅಂದ್ರೆ ನಿಮಿಷಕ್ಕೆ ಹೆಚ್ಚು ಕಮ್ಮಿ ಒಂದು ಎಂಬಿ, ಇಡೀ ಕ್ಲಾಸಿಂದು ಒಂದು ಮೂಲೇಲಿ ಕೂತ್ಕೊಳ್ಳುತ್ತೆ.

ಯಾವಾಗ ಮಾಡ್ಸೋದು ಅಂದ್ರೆ, ಜೂನ್-ಜುಲೈಲಿ ಬೇಡವೇ ಬೇಡ, ಪತ್ರೆ ಶೀಟಿನ ಮೇಲೆ ಮಳೆ ಬೀಳೋವಾಗ ಏನೂ ಕೇಳಲ್ಲ, ಆಮೇಲೆ ಗಣಪತಿ, ಢೋಲ್-ತಾಶಾ. ಆ ಹೊತ್ತಲ್ಲಿ ಒಂದೂವರೆ ನಿಮಿಷದ ಸ್ಕ್ರಿಪ್ಟ್ ಮಾಡ್ಸಿ ಮೈಕಿನ ಹೆದರಿಕೆ ಬಿಡ್ಸಿ, ಪ್ರಶ್ನೆ ಬರೆಯೋದು ಕಲ್ಸಿ. ಇಂಟರ್‌ವ್ಯೂ ದೀಪಾವಳಿ ರಜೆಗೆ ಕೊಡಿ, ಊರಿಗೆ ಹೋಗೋರು ಅಲ್ಲೇ ಅಜ್ಜ-ಅಜ್ಜಿಯನ್ನ ಹಿಡ್ಕೊಂಡು ರೆಕಾರ್ಡ್ ಮಾಡ್ತಾರೆ, ಪಟಾಕಿ ನಿಲ್ಲೋ ಬೆಳಿಗ್ಗೆ ಹೊತ್ತಲ್ಲಿ ಮಾಡಿ ಅಂತ ಹೇಳಿರಿ.